ಖಾನೇಷುಮಾರಿ ಮತ್ತು ನಮ್ಮೂರಿನ ಬೀಗ ಹಾಕಿದ ಬಾಗಿಲುಗಳು

ಮತ್ತೆ ಕೀಬೋರ್ಡ್ ಮುಂದೆ ಕೂರೋಕೆ ಕಾರಣ ಒಂದು ಫೋಟೋ.

ಅಕ್ಕನ ಮಗ ಅಮೆರಿಕದ ಇಲಿನಾಯ್ ರಾಜ್ಯದಲ್ಲಿದ್ದಾನೆ. ಮೊನ್ನೆ ಕಾರಿನಲ್ಲಿ ಎಲ್ಲಿಗೋ ಹೋಗುವಾಗ ದಾರಿಯಲ್ಲಿ ಸಿಕ್ಕ ಪುಟ್ಟ ಊರೊಂದರ ಬೋರ್ಡಿನ ಫೋಟೋ ತೆಗೆದು ಕಳಿಸಿದ. ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ, ರಸ್ತೆ ಪಕ್ಕ ಒಂದು ಹಸಿರು ಬೋರ್ಡು. ಮೇಲೆ ಊರಿನ ಹೆಸರು, ಕೆಳಗೆ ಆ ಊರಿನ ಜನಸಂಖ್ಯೆ. ಎರಡು ಸಾವಿರವೂ ಇಲ್ಲ! ಅದಕ್ಕೂ ಅವರು "ಸಿಟಿ" ಅಂತಾರಂತೆ. ಫೋಟೋ ಜೊತೆಗೆ ಒಂದು ಪ್ರಶ್ನೆ: "ಮಾಮಾ, ನಮ್ಮ ದೇವದುರ್ಗಕ್ಕ ಇಂಥದ್ದೊಂದು ಬೋರ್ಡ್ ಹಾಕಿದ್ರ ಎಷ್ಟು ಅಂತ ಬರೀಬೇಕು?"

ನಮ್ಮ ಕಡೆ ರೈಲು ನಿಲ್ದಾಣದ ಹಳದಿ ಬೋರ್ಡುಗಳಲ್ಲಿ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಬರೆದಿರುತ್ತಾರೆ. ಅಲ್ಲಿ ಎಷ್ಟು ಜನ ಇದ್ದಾರೆ ಅಂತ ಬರೆಯೋದಿಲ್ಲ. ದೇವದುರ್ಗಕ್ಕಂತೂ ರೈಲೇ ಇಲ್ಲ ಬಿಡಿ :)

"೨೯ ಸಾವಿರ" ಅಂತ ಉತ್ತರ ಟೈಪಿಸಿದೆ. ೨೦೧೧ರ ಜನಗಣತಿಯ ಪ್ರಕಾರ ದೇವದುರ್ಗ ಪಟ್ಟಣದ ಜನಸಂಖ್ಯೆ ಹತ್ತಿರ ಹತ್ತಿರ ಅಷ್ಟೇ. ಕಳಿಸೋ ಮುಂಚೆ ಯಾಕೋ ಕೈ ನಿಂತಿತು. ಮಾಸ್ತರಾಗಿದ್ದ ನನ್ನ ಅಪ್ಪ ನೆನಪಾದರು. ಅವರ ಕಥೆಗೆ ಆಮೇಲೆ ಬರ್ತೀನಿ. ಮೊದಲು ನಮ್ಮ ಸೀಮೆಯ ಪರಿಚಯ ಆಗಲಿ. ರಾಯಚೂರು ಅಂದರೆ ಬಿಸಿಲು, ಮಂತ್ರಾಲಯಕ್ಕೆ ಹೋಗುವಾಗ ಬಸ್ಸು ಬದಲಿಸೋ ಊರು ಅಂತ ಮಾತ್ರ ಗೊತ್ತಿರೋರು ನಿಮ್ಮಲ್ಲಿ ಬಹಳ ಜನ ಇದ್ದೀರಿ ಅನ್ನೋದು ನನಗೆ ಗೊತ್ತು.

*

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ನೆಲವೇ ದೋಆಬು, ಎಡೆದೊರೆ ನಾಡು. ದೇವದುರ್ಗ ಕೃಷ್ಣೆಯ ಕಡೆಗೆ, ಮಾನ್ವಿ ತುಂಗಭದ್ರೆಯ ಕಡೆಗೆ. ಎರಡಕ್ಕೂ ದೊಡ್ಡಣ್ಣ ರಾಯಚೂರು. ಮಾನ್ವಿಯಿಂದ ರಾಯಚೂರಿಗೆ ಸುಮಾರು ೪೫ ಕಿಲೋಮೀಟರ್, ದೇವದುರ್ಗದಿಂದ ಅದಕ್ಕಿಂತ ಸ್ವಲ್ಪ ಹೆಚ್ಚು. ದೇವದುರ್ಗದ ಬಸ್ಸು ಗಬ್ಬೂರಿನ ಮೇಲೆ ಹಾದು ಬರುತ್ತೆ. ಗಬ್ಬೂರು ಅಂದರೆ ಹಳೇ ಗುಡಿಗಳ, ಶಾಸನಗಳ ಊರು. ಈಗ ಕಿಟಕಿಯಿಂದ ನೋಡಿದರೆ ಅದೊಂದು ಬಸ್ ಸ್ಟಾಪು, ಅಷ್ಟೆ.

ಎರಡು ನದಿ ನಡುವಿನ ನೆಲ ಅಂದರೆ ಹಚ್ಚಹಸಿರು ಅಂದ್ಕೋಬೇಡಿ. ನದಿಗಳು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ಮೇಲಿರುತ್ತವೆ. ಕಾಲುವೆ ಬರೋ ತನಕ ಇಲ್ಲಿ ಮಳೆ ಬಂದರೆ ಜೋಳ, ಸಜ್ಜೆ. ಇಲ್ಲದಿದ್ದರೆ ಇಲ್ಲ.

ಆದರೂ ಈ ನೆಲಕ್ಕಾಗಿ ರಾಜರು ಬಡಿದಾಡಿದ್ದಕ್ಕೆ ಲೆಕ್ಕವಿಲ್ಲ. ರಾಯಚೂರು ಕೋಟೆಯಲ್ಲಿ ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ ೧೨೯೪ರ ತೆಲುಗು ಶಾಸನ. ಆ ಕಲ್ಲನ್ನು ಬಂಡಿಯ ಮೇಲೆ ಎಳೆದು ತರುತ್ತಿರೋ ಚಿತ್ರವನ್ನೂ ಗೋಡೆಯಲ್ಲಿ ಕೊರೆದಿದ್ದಾರೆ. ಮುಂದೆ ಬಹಮನಿ ಸುಲ್ತಾನರು, ವಿಜಯನಗರದವರು, ಬಿಜಾಪುರದ ಆದಿಲಶಾಹಿಗಳು. ಕೃಷ್ಣದೇವರಾಯ ೧೫೨೦ರಲ್ಲಿ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆ ಗೆದ್ದ.

ಆ ಯುದ್ಧದ ವಿವರ ಬರೆದಿಟ್ಟವನು ನ್ಯೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ರಾಯನ ಸೈನ್ಯದಲ್ಲಿ ಏಳು ಲಕ್ಷ ಮೂರು ಸಾವಿರ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆ ಇದ್ದವು ಅಂತಾನೆ. ಇದನ್ನು ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡಿ. ೧೯೦೧ರ ಗಣತಿಯಲ್ಲಿ, ಆಗಿನ ಗಡಿಯ ಪ್ರಕಾರ, ಇಡೀ ರಾಯಚೂರು ಜಿಲ್ಲೆಯಲ್ಲಿ ಇದ್ದ ಹೆಂಗಸರು, ಗಂಡಸರು, ಕೂಸುಗಳು ಎಲ್ಲ ಸೇರಿ ಸುಮಾರು ಐದು ಲಕ್ಷ! ಜಿಲ್ಲೆಯ ಜನಕ್ಕಿಂತ ಕೋಟೆಯ ಮುಂದೆ ನಿಂತ ಸೈನಿಕರೇ ಹೆಚ್ಚಾಗಿದ್ದರೆ ಅವರಿಗೆ ಜೋಳ ಎಲ್ಲಿಂದ ಬಂತು, ನೀರು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ರಾಜನ ದೊಡ್ಡಸ್ತಿಕೆ ತೋರಿಸೋಕೆ ಅಂಕಿ ಬೇಕಿತ್ತು, ಅಂಕಿ ಬಂತು. ಅದೇ ಸಮಯದಲ್ಲಿ ಮಾನ್ವಿಯಲ್ಲಿ ಎಷ್ಟು ಮನೆ, ದೇವದುರ್ಗದಲ್ಲಿ ಎಷ್ಟು ಒಲೆ ಉರಿಯುತ್ತಿದ್ದವು ಅಂತ ಯಾರೂ ಬರೆದಿಡಲಿಲ್ಲ.

*

ನಮ್ಮ ಸೀಮೆಯ ಜನರನ್ನು ಒಬ್ಬೊಬ್ಬರನ್ನಾಗಿ ಎಣಿಸಲು ಶುರು ಮಾಡಿದ್ದು ೧೮೮೧ರಲ್ಲಿ. ನಿಜಾಮರ ಹೈದರಾಬಾದ್ ಸಂಸ್ಥಾನ ಮೊದಲ ಸಲ ಗಣತಿಗೆ ಸೇರಿದ್ದು ಆಗಲೇ. (ನಡುವೆ ೧೮೫೩ರಿಂದ ೧೮೬೦ರ ತನಕ ದೋಆಬು ಇಂಗ್ಲಿಷರ ಕೈಯಲ್ಲಿತ್ತು. ಸಾಲದ ಬಾಬ್ತಿಗೆ ನಿಜಾಮರಿಂದ ತಗೊಂಡು, ಆಮೇಲೆ ವಾಪಸ್ ಕೊಟ್ಟರು.)

೧೮೮೧ರ ಲೆಕ್ಕ ನೋಡುವಾಗ ಒಂದು ಮಾತು ನೆನಪಿಡಬೇಕು. ಅದಕ್ಕೆ ಮೂರು ನಾಲ್ಕು ವರ್ಷದ ಮುಂಚೆ, ೧೮೭೬-೭೮ರಲ್ಲಿ, ದಕ್ಷಿಣ ಭಾರತದಲ್ಲೇ ಕಂಡುಕೇಳರಿಯದ ಬರ ಬಂದಿತ್ತು. ಧಾತ ಈಶ್ವರ ಬರ ಅಂತ ಮೈಸೂರು ಕಡೆಯವರು ಹೇಳೋದು ಇದನ್ನೇ. ಅಂದರೆ ನಮ್ಮ ಮೊದಲ ಲೆಕ್ಕವೇ ಸತ್ತು, ಊರು ಬಿಟ್ಟು, ಉಳಿದವರ ಲೆಕ್ಕ. ಮುಂದಿನ ಹತ್ತು ವರ್ಷದಲ್ಲಿ ಜಿಲ್ಲೆಯ ಸಂಖ್ಯೆ ಒಂದೇ ಸಲ ಏರಿದ್ದು ಕಾಣುತ್ತೆ. ಅದರಲ್ಲಿ ಹೊಸದಾಗಿ ಹುಟ್ಟಿದವರ ಜೊತೆಗೆ, ಬರ ಕಳೆದ ಮೇಲೆ ತಿರುಗಿ ಬಂದವರೂ ಇರಲೇಬೇಕು. ೧೯೦೦ರ ಹೊತ್ತಿಗೆ ಮತ್ತೆ ಬರ, ಸಂಖ್ಯೆ ಅಲ್ಲೇ ನಿಂತಿತು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಬಂತು. ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ ೧೯೧೧ರಲ್ಲಿ ೧ ಕೋಟಿ ೩೩ ಲಕ್ಷ ಇದ್ದದ್ದು ೧೯೨೧ರಲ್ಲಿ ೧ ಕೋಟಿ ೨೪ ಲಕ್ಷಕ್ಕೆ ಇಳಿಯಿತು. ನಮ್ಮ ಕಡೆ ಅಂಕಿ ಮೇಲೇರೋದು ಮಳೆಗಾಲ ನೋಡಿಕೊಂಡು :(

ಈ ಎಲ್ಲದರ ನಡುವೆಯೂ ಬೆಳೆದದ್ದು ರಾಯಚೂರು ನಗರ ಒಂದೇ. ಕಾರಣ ರೈಲು. ಮುಂಬಯಿ ಕಡೆಯಿಂದ ಬಂದ ಹಳಿ, ಮದರಾಸಿನ ಕಡೆಯಿಂದ ಬಂದ ಹಳಿ ಎರಡೂ ೧೮೭೧ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಹತ್ತಿ ಅಂಡಿಗೆಗಳು ಬಂದವು, ಜಿನ್ನಿಂಗ್ ಮಿಲ್ಲು ಬಂದವು, ಮಂಡಿ ಬೆಳೆಯಿತು. ೧೯೦೧ರಲ್ಲಿ ೨೨ ಸಾವಿರ ಇದ್ದ ಊರು ೨೦೧೧ರಲ್ಲಿ ೨ ಲಕ್ಷ ೩೦ ಸಾವಿರ ದಾಟಿತು. ಮಾನ್ವಿ, ದೇವದುರ್ಗ ಹಳಿಯಿಂದ ದೂರವೇ ಉಳಿದವು. ಪಕ್ಕದ ಸಿಂಧನೂರಿಗೇ ರೈಲು ಬಂದದ್ದು ೨೦೨೪ರಲ್ಲಿ.

ಅಂದ ಹಾಗೆ, ಜಿಲ್ಲೆಯ ಹಳೇ ಅಂಕಿ, ಹೊಸ ಅಂಕಿ ಪಕ್ಕ ಪಕ್ಕ ಇಟ್ಟು ಲೇಖನ ಬರೆಯೋರು ಸ್ವಲ್ಪ ಹುಷಾರಾಗಿರಿ. ರಾಯಚೂರು ಜಿಲ್ಲೆ ಅನ್ನೋ ಹೆಸರು ಒಂದೇ, ಒಳಗಿನ ನೆಲ ಬದಲಾಗುತ್ತಲೇ ಇದೆ. ೧೯೦೫ರಲ್ಲಿ ಲಿಂಗಸುಗೂರು ಜಿಲ್ಲೆಯನ್ನು ರದ್ದು ಮಾಡಿ ಅದರ ತಾಲ್ಲೂಕುಗಳನ್ನು ಇಲ್ಲಿಗೆ ಸೇರಿಸಿದರು. ೧೯೫೬ರಲ್ಲಿ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದವರು ಮೈಸೂರು ರಾಜ್ಯಕ್ಕೆ ಬಂದೆವು. ೧೯೯೭ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. ೧೯೯೧ರ ಅಂಕಿಯಲ್ಲಿ ಕೊಪ್ಪಳದವರೂ ಇದ್ದಾರೆ, ೨೦೦೧ರದ್ದರಲ್ಲಿ ಇಲ್ಲ. ಇದನ್ನು ನೋಡದೆ ಹೋದರೆ ಹತ್ತು ವರ್ಷದಲ್ಲಿ ಲಕ್ಷಗಟ್ಟಲೆ ಜನ ಮಾಯವಾದರು ಅಂತ ಬರೆದುಬಿಡ್ತೀರಿ!

*

ಇನ್ನು ನಮ್ಮ ಎರಡು ಊರುಗಳು.

ಮಾನ್ವಿ ಅಂದರೆ ದಾಸಸಾಹಿತ್ಯ ಓದಿದವರಿಗೆ ತಕ್ಷಣ ಹೊಳೆಯೋದು ಜಗನ್ನಾಥದಾಸರು, 'ಹರಿಕಥಾಮೃತಸಾರ' ಬರೆದವರು. ಹುಟ್ಟಿದ್ದು ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ, ೧೭೨೮ರಲ್ಲಿ. ಬಾಳಿದ್ದು ಮಾನ್ವಿಯಲ್ಲಿ. ಅವರಿಗಿಂತ ಹಿರಿಯರಾದ ವಿಜಯದಾಸರು ಅದೇ ತಾಲ್ಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ಕಡೆಯ ಮೊಸರಕಲ್ಲಿನವರು. ಮೂರೂ ಸಣ್ಣ ಹಳ್ಳಿಗಳು. ವಿಜಯದಾಸರ ಬಗ್ಗೆ ಪರಂಪರೆಯವರು ಹೇಳೋ ಕಥೆ ನೋಡಿ: ಮನೆಯಲ್ಲಿ ಕಡುಬಡತನ, ಹುಡುಗ ಮನೆ ಬಿಟ್ಟು ಕಾಶಿ ದಾರಿ ಹಿಡಿದ. ನಮ್ಮ ಸೀಮೆಯ ಇಷ್ಟು ದೊಡ್ಡ ಹೆಸರಿನ ಕಥೆಯೂ ಊರು ಬಿಡೋದರಿಂದಲೇ ಶುರುವಾಗುತ್ತೆ.

ದೇವದುರ್ಗದ ಹಿನ್ನೆಲೆ ಬೇರೆ. ಹೆಸರಲ್ಲೇ ದುರ್ಗ ಇದೆ. ಸುತ್ತ ಗುಡ್ಡ. ಬೇಡ ನಾಯಕರ ಬಲವಾದ ನೆಲೆ ಇದು. ಕೃಷ್ಣೆ ದಾಟಿದರೆ ಸುರಪುರ, ಅದೂ ನಾಯಕರ ಸಂಸ್ಥಾನವೇ. ಔರಂಗಜೇಬನ ಕಾಲದಿಂದ ೧೮೫೮ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ತನಕ ಯಾವ ದೊಡ್ಡ ದೊರೆಗೂ ಸುಲಭಕ್ಕೆ ಬಗ್ಗದ ಜನ ಇವರು.

ಈ ನಾಯಕರ ಲೆಕ್ಕದ್ದೇ ಒಂದು ಸ್ವಾರಸ್ಯ ಇದೆ. ಇಡೀ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ೧೯೭೧ರಲ್ಲಿ ೨ ಲಕ್ಷ ೩೧ ಸಾವಿರ. ೧೯೮೧ರಲ್ಲಿ ೧೮ ಲಕ್ಷ ೨೫ ಸಾವಿರ! ಹತ್ತು ವರ್ಷದಲ್ಲಿ ಎಂಟು ಪಟ್ಟು ಜನ ಹುಟ್ಟಲು ಸಾಧ್ಯವೇ? ಆದದ್ದೇನೆಂದರೆ, ಇಂಥ ಜಿಲ್ಲೆಯಲ್ಲಿದ್ದರೆ ಮಾತ್ರ ಪಂಗಡ ಅಂತ ಮೊದಲಿದ್ದ ಪ್ರದೇಶದ ಮಿತಿಯನ್ನು ೧೯೭೬ರ ಕಾನೂನು ತೆಗೆದುಹಾಕಿತು. ಮುಂದೆ ೧೯೯೧ರಲ್ಲಿ ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನೂ ಪಟ್ಟಿಗೆ ಸೇರಿಸಿದರು. ಜನ ಮೊದಲೂ ಇದ್ದರು, ಅದೇ ಗುಡ್ಡ, ಅದೇ ಹೊಲ. ಲೆಕ್ಕದಲ್ಲಿ ಅವರಿಗೆ ಹೆಸರು ಇರಲಿಲ್ಲ. ೨೦೧೧ರಲ್ಲಿ ರಾಯಚೂರು ಜಿಲ್ಲೆಯ ನೂರು ಜನರಲ್ಲಿ ೧೯ ಮಂದಿ ಪರಿಶಿಷ್ಟ ಪಂಗಡದವರು, ೨೧ ಮಂದಿ ಪರಿಶಿಷ್ಟ ಜಾತಿಯವರು. ೨೦೦೮ರ ವಿಂಗಡಣೆಯಿಂದ ದೇವದುರ್ಗ, ಮಾನ್ವಿ ಎರಡೂ ವಿಧಾನಸಭಾ ಕ್ಷೇತ್ರಗಳು ಪಂಗಡಕ್ಕೆ ಮೀಸಲಾಗಿವೆ. ಲೆಕ್ಕಕ್ಕೆ ಬರೋದು, ಬಿಡೋದು ಬರೀ ಪುಸ್ತಕದ ಮಾತು ಅಂತ ಯಾರಾದರೂ ಅಂದರೆ ಇದನ್ನು ತೋರಿಸಿ.

*

ಎರಡು ಊರುಗಳ ದಾರಿ ಬೇರೆಯಾದದ್ದು ನೀರಿನಿಂದ.

ತುಂಗಭದ್ರಾ ಅಣೆಕಟ್ಟಿನಿಂದ ೧೯೫೩ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಸುಮಾರು ೨೨೭ ಕಿಲೋಮೀಟರ್ ಉದ್ದ. ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ತಾಲ್ಲೂಕು ಮುಟ್ಟುತ್ತೆ. ಯೋಜನೆ ಮಾಡಿದವರು ಲೆಕ್ಕ ಹಾಕಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ, ಬರದಿಂದ ಕಾಪಾಡಿದರೆ ಸಾಕು ಅಂತ. ಆದರೆ ನೀರಿನ ಹಿಂದೆಯೇ ಆಂಧ್ರದ ಕರಾವಳಿ ಕಡೆಯಿಂದ ಗದ್ದೆ ಮಾಡಿ ಗೊತ್ತಿದ್ದ ರೈತರು ಬಂದರು. ನಮ್ಮವರು ಎರೆ ಹೊಲವನ್ನು ಅಗ್ಗಕ್ಕೆ ಮಾರಿದರು. ಊರ ಹೊರಗೆ ಕಾಲುವೆ ಪಕ್ಕ ಹೊಸ ಹೊಸ "ಕ್ಯಾಂಪ್"ಗಳು ಹುಟ್ಟಿದವು. ಈಗಲೂ ಸಿಂಧನೂರು, ಮಾನ್ವಿ ಕಡೆ ಬಸ್ಸಿನಲ್ಲಿ ಕಂಡಕ್ಟರ್ ಯಾವ್ಯಾವುದೋ ಕ್ಯಾಂಪ್ ಅಂತ ಕೂಗ್ತಾ ಇರ್ತಾನೆ. ಸಿಂಧನೂರಿನ ಹತ್ತಿರ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳೂ ಇವೆ. ಅಲ್ಲಿ ಬಂಗಾಳಿ ಮಾತಾಡ್ತಾ ಭತ್ತ ನಾಟಿ ಮಾಡೋರನ್ನು ನೋಡಬಹುದು. ಜೋಳದ ರೊಟ್ಟಿಯ ಸೀಮೆಯಲ್ಲಿ ರೈಸ್ ಮಿಲ್ಲುಗಳು ಎದ್ದವು. ಮಾನ್ವಿ ಪಟ್ಟಣ ೨೦೦೧ರಲ್ಲಿ ೩೭ ಸಾವಿರ, ೨೦೧೧ರಲ್ಲಿ ೪೬ ಸಾವಿರ ದಾಟಿತು.

ಹಾಗಂತ ಮಾನ್ವಿಯೆಲ್ಲ ಗದ್ದೆ ಅಂದ್ಕೋಬೇಡಿ. ಅದು ಕಾಲುವೆಯ ಕೆಳಭಾಗ. ಮೇಲಿನವರು ಭತ್ತಕ್ಕೆ ನೀರು ಕಟ್ಟಿಕೊಂಡ ಮೇಲೆ ಉಳಿದದ್ದು ಇವರಿಗೆ. "ಕಾಲುವಿ ಐತಿ, ನೀರು ಕೇಳಬ್ಯಾಡ್ರಿ" ಅನ್ನೋದು ಅಲ್ಲಿನ ಮಾತು.

ದೇವದುರ್ಗದ್ದು ಇನ್ನೂ ತಡ. ಕೃಷ್ಣೆಗೆ ಕಟ್ಟಿದ ನಾರಾಯಣಪುರದ ಬಸವಸಾಗರ ೧೯೮೨ರಲ್ಲಿ ಮುಗಿಯಿತು. ಬಲದಂಡೆ ಕಾಲುವೆ ನಮ್ಮ ಹೊಲಗಳ ಹತ್ತಿರ ಬರೋಕೆ ಮತ್ತೆ ಎಷ್ಟೋ ವರ್ಷ ಹಿಡಿಯಿತು. ಅಂದರೆ ಮಾನ್ವಿ ಕಡೆ ಎರಡು ತಲೆಮಾರು ಗದ್ದೆ ನೋಡಿದ್ದಾಗ ದೇವದುರ್ಗದವರು ಇನ್ನೂ ಆಕಾಶ ನೋಡ್ತಿದ್ದರು. ೨೦೦೨ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ ೧೭೫ ತಾಲ್ಲೂಕುಗಳಲ್ಲಿ ೩೯ನ್ನು "ಅತ್ಯಂತ ಹಿಂದುಳಿದ" ತಾಲ್ಲೂಕು ಅಂತ ಗುರುತಿಸಿತು. ಅದರಲ್ಲಿ ದೇವದುರ್ಗವೂ ಇತ್ತು, ಗದ್ದೆಯ ಮಾನ್ವಿಯೂ ಇತ್ತು. ೩೭೧(ಜೆ) ಬಂದದ್ದು ಇನ್ನೂ ಹತ್ತು ವರ್ಷದ ಮೇಲೆ.

ಮಳೆ ಕೈಕೊಟ್ಟವರು ಏನು ಮಾಡ್ತಾರೆ? ಗುಳೆ ಹೋಗ್ತಾರೆ. ತೊಗರಿ, ಸಜ್ಜೆ ಕೊಯ್ದಾದ ಮೇಲೆ ಮನೆಗೆ ಬೀಗ ಹಾಕಿ, ಪಾತ್ರೆ ಪಗಡಿ ಗಂಟು ಕಟ್ಟಿ, ಮಕ್ಕಳನ್ನೂ ಕರ್ಕೊಂಡು ಹೊರಡ್ತಾರೆ. ಮುಂಚೆ ಗದ್ದೆ ಸೀಮೆಗೆ ನಾಟಿಗೋ ಕೊಯ್ಲಿಗೋ ಹೋಗ್ತಿದ್ದರು. ಆಮೇಲೆ ಪುಣೆ, ಮುಂಬಯಿ. ಈಗ ಹೆಚ್ಚಿನವರು ಬೆಂಗಳೂರು. ಯುಗಾದಿಗೋ, ಮೊಹರಂ ಅಲಾಯಿಗೋ, ಇಲ್ಲ ಮೊದಲ ಮಳೆಗೋ ತಿರುಗಿ ಬರ್ತಾರೆ.

*

ಈಗ ಅಪ್ಪನ ಕಥೆ.

೧೯೯೧ರ ಫೆಬ್ರವರಿ. ಅಪ್ಪ ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮಾಸ್ತರು. ಎಲ್ಲ ಮಾಸ್ತರರ ಹಾಗೆ ಅವರಿಗೂ ಜನಗಣತಿ ಡ್ಯೂಟಿ ಬಿತ್ತು. ನಾನಾಗ ಹೈಸ್ಕೂಲು. ಕೆಂಪು ಸೀಸ, ಉದ್ದನೆ ಫಾರಂ, ರಟ್ಟಿನ ಚೀಲ ಹಿಡ್ಕೊಂಡು ಅವರ ಹಿಂದೆ ತಿರುಗಿದೆ. ದೊಡ್ಡ ಆಫೀಸರ್ ಮಗನ ಹಾಗೆ ಜಂಬ ಬೇರೆ :)

ಮೊದಲ ದಿನವೇ ಜಂಬ ಇಳಿಯಿತು. ಒಂದು ಓಣಿಯಲ್ಲಿ ಸಾಲಾಗಿ ಏಳೋ ಎಂಟೋ ಮನೆಗೆ ಬೀಗ. ಬೀಗ ಇಲ್ಲದ ಕಡೆ ಬಾಗಿಲಿಗೆ ಮುಳ್ಳುಕಂಟಿ ಒತ್ತಿದ್ದರು. ಓಣಿಯ ಕೊನೆಯಲ್ಲಿ ಕಟ್ಟೆ ಮೇಲೆ ಒಬ್ಬ ಮುದುಕಿ ಕೂತಿದ್ದಳು, ಜೊತೆಗೆ ಒಂದು ಆಡು. ಅಪ್ಪ ಕೇಳಿದರು, "ಎಷ್ಟು ಮಂದಿ ಅದೀರಬೇ ಮನ್ಯಾಗ?"

"ಒಂಬತ್ತು ಮಂದಿ ಅದೀವ್ರಿ ಮಾಸ್ತರ."

"ಎಲ್ಲಿ ಅದಾರ?"

"ಗುಳೆ ಹೋಗ್ಯಾರ್ರಿ. ಗದ್ದಿ ಕಡಿಗಿ. ಯುಗಾದಿಗಿ ಬರ್ತಾರ."

ಅಪ್ಪ ಸುಮ್ಮನೆ ನಿಂತರು. ನಿಯಮ ಅವರಿಗೆ ಬಾಯಿಪಾಠ ಆಗಿತ್ತು. ಫೆಬ್ರವರಿ ೯ರಿಂದ ೨೮ರ ತನಕ ಎಣಿಕೆ. ಆ ಇಪ್ಪತ್ತು ದಿನದಲ್ಲಿ ಒಂದು ದಿನವೂ ಊರಲ್ಲಿ ಇಲ್ಲದವರನ್ನು ಅಲ್ಲಿ ಬರೆಯೋ ಹಾಗಿಲ್ಲ. ಅವರು ಎಲ್ಲಿ ಸಿಗ್ತಾರೋ ಅಲ್ಲಿಯ ಗಣತಿಯವರು ಬರೀಬೇಕು. ಇಲ್ಲದಿದ್ದರೆ ಒಬ್ಬರೇ ಎರಡು ಕಡೆ ಲೆಕ್ಕ ಆಗ್ತಾರಲ್ಲ, ನಿಯಮ ಮಾಡಿದ್ದರಲ್ಲಿ ತಪ್ಪೇನಿಲ್ಲ.

ಮುದುಕಿಗೆ ಅದನ್ನು ಹೇಳಿದರು. ಆಕೆಗೆ ಅರ್ಥವೇ ಆಗಲಿಲ್ಲ. "ಅವ್ರು ಇದೇ ಮನಿಯವ್ರರೀ. ಇಲ್ಲೇ ಹುಟ್ಟಿದವ್ರು. ನನ್ನ ಮಕ್ಕಳ ಹೆಸ್ರು ಬಿಡಬ್ಯಾಡ್ರಿ ಮಾಸ್ತರ, ನಾಳಿ ರೇಷನ್ ಕಾರ್ಡಿಗಿ ತ್ರಾಸ ಆಗತೈತಿ" ಅಂತ ಎದ್ದು ನಿಂತು ಕೈ ಮುಗಿದಳು. ಗಣತಿಗೂ ರೇಷನ್ ಕಾರ್ಡಿಗೂ ಸಂಬಂಧ ಇಲ್ಲ ಅಂತ ಅಪ್ಪ ಎಷ್ಟು ಹೇಳಿದರೂ ಒಪ್ಪಲಿಲ್ಲ. ಒಬ್ಬೊಬ್ಬರದೇ ಹೆಸರು ಹೇಳುತ್ತಾ ಹೋದಳು. ಮಗ, ಸೊಸೆ, ಮೊಮ್ಮಕ್ಕಳು, ಕೊನೆಯ ಕೂಸಿನದೂ. ಅಪ್ಪ ಫಾರಂ ಮಡಚಿ, ಬೇರೆ ಹಾಳೆಯಲ್ಲಿ ಅಷ್ಟೂ ಹೆಸರು ಬರೆದುಕೊಂಡರು. ಫಾರಂನಲ್ಲಿ ಬರೆದದ್ದು ಒಂದೇ ಹೆಸರು, ಮುದುಕಿಯದು.

ಬರುವಾಗ ದಾರಿಯಲ್ಲಿ ಕೇಳಿದೆ, "ಆ ಹಾಳಿ ಯಾರಿಗಿ ಕೊಡ್ತೀ ಅಪ್ಪಾ?" "ಯಾರಿಗೂ ಇಲ್ಲ. ಆಕಿ ಸಮಾಧಾನಕ್ಕ" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ಅಲ್ಲಿ ಗದ್ದಿ ದಂಡಿಮ್ಯಾಗ ಗುಡಿಸಲ ಹಾಕ್ಕೊಂಡಿರತಾರ. ಅಲ್ಲಿ ಮಾಸ್ತರ ಅಲ್ಲೀತನ ಹೋಗ್ಯಾನೋ ಇಲ್ಲೋ" ಅಂದರು. ನೀರಿದ್ದ ಊರು ಲೆಕ್ಕದಲ್ಲಿ ಬೆಳೆಯುತ್ತೆ, ನೀರಿಲ್ಲದ ಊರು ಕರಗುತ್ತೆ, ನಡುವೆ ಕಾಲುವೆ ದಂಡೆಯ ಗುಡಿಸಲು ಎರಡೂ ಕಡೆ ತಪ್ಪಿ ಹೋಗಬಹುದು. ಇದು ನನಗೆ ಹೊಳೆದದ್ದು ಬಹಳ ವರ್ಷದ ಮೇಲೆ.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಆ ಹಾಳೆ ಹುಡುಕಿದೆ. ಸಿಗಲಿಲ್ಲ.

*

ಒಂದು ಪದದ ಬಗ್ಗೆ ಹೇಳಿ ಮುಗಿಸ್ತೀನಿ. ಜನಗಣತಿಗೆ ಹಳೇ ಕನ್ನಡದ ಪುಸ್ತಕಗಳಲ್ಲಿ "ಖಾನೇಷುಮಾರಿ" ಅಂತ ಬರೀತಿದ್ದರು. ಖಾನಾ ಅಂದರೆ ಮನೆ, ಷುಮಾರಿ ಅಂದರೆ ಎಣಿಕೆ, ಪಾರಸಿ ಮಾತು. ನಿಜಾಮರ ಆಡಳಿತದ ಉರ್ದುವಿನಲ್ಲಿ ಅದೇ ಕೆಲಸಕ್ಕೆ "ಮರ್ದುಮ್ ಷುಮಾರಿ", ಅಂದರೆ ಮನುಷ್ಯರ ಎಣಿಕೆ. ಒಂದು ಬಾಗಿಲು ಎಣಿಸುತ್ತೆ, ಇನ್ನೊಂದು ಬಾಗಿಲ ಹಿಂದಿನವರನ್ನು. ದೇವದುರ್ಗದ ಕಡೆ ಫೆಬ್ರವರಿಯಲ್ಲಿ ಎರಡೂ ಲೆಕ್ಕ ಒಂದಾಗೋದೇ ಇಲ್ಲ.

ಇದು ೧೯೯೧ರದ್ದೊಂದೇ ಕಥೆಯಲ್ಲ. ೧೮೮೧ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ ೧೭ರ ರಾತ್ರಿ. ಅಲ್ಲಿಂದ ಇಲ್ಲಿಯ ತನಕ ಹೆಚ್ಚಿನವೆಲ್ಲ ಫೆಬ್ರವರಿ, ಮಾರ್ಚಿನಲ್ಲೇ. ದೇಶಕ್ಕೆಲ್ಲ ಅನುಕೂಲದ ಕಾಲ ಅದು, ಮಳೆ ಇರಲ್ಲ, ಸೆಕೆ ಇನ್ನೂ ಏರಿರಲ್ಲ. ಗುಳೆ ಹೋಗೋ ಊರಿಗೆ ಮಾತ್ರ ಅದು ಅರ್ಧ ಊರು ಖಾಲಿ ಇರೋ ಕಾಲ.

ಅಕ್ಕನ ಮಗನ ಇಲಿನಾಯ್ ಊರಿನಿಂದಲೂ ಜನ ಹೋಗಿದ್ದಾರಂತೆ. ದೊಡ್ಡ ಮಶೀನು ಬಂದ ಮೇಲೆ ಹೊಲಕ್ಕೆ ಆಳು ಬೇಡ, ಮಕ್ಕಳು ನಗರಕ್ಕೆ ಹೋಗಿ ಅಲ್ಲೇ ಉಳಿದರು. ಹತ್ತು ವರ್ಷಕ್ಕೊಮ್ಮೆ ಬೋರ್ಡಿನ ಅಂಕಿ ತಿದ್ದುತ್ತಾರೆ. ಅಲ್ಲಿ ಹೋದವರು ಹೋದರು. ನಮ್ಮವರು ಹೋಗ್ತಾರೆ, ಬರ್ತಾರೆ, ಮತ್ತೆ ಹೋಗ್ತಾರೆ. ವೋಟು ಇಲ್ಲಿ, ದುಡಿಮೆ ಅಲ್ಲಿ, ಹೆಣ ಮಣ್ಣಾಗೋದು ಮತ್ತೆ ಇಲ್ಲಿ. ಇಂಥ ಊರಿಗೆ ಒಂದೇ ಅಂಕಿಯ ಬೋರ್ಡು ಹೇಗೆ ಬರೆಯೋದು?

ಆ ಮುದುಕಿ ಹೇಳಿದ ರೇಷನ್ ಮಾತು ಈಗ ನೆನೆದರೆ ಮೈ ಜುಂ ಅನ್ನುತ್ತೆ. ಆಗ ಗಣತಿ ಫಾರಂಗೂ ಕಾರ್ಡಿಗೂ ಸಂಬಂಧ ಇರಲಿಲ್ಲ, ಅಪ್ಪ ಹೇಳಿದ್ದು ಸರಿಯೇ. ಒಬ್ಬೊಬ್ಬರ ಕಾರ್ಡಿಗೆ ಇವತ್ತಿಗೂ ಇಲ್ಲ. ಆದರೆ ೨೦೧೩ರ ಆಹಾರ ಭದ್ರತಾ ಕಾಯ್ದೆ ಬಂದಾಗ ಯಾವ ರಾಜ್ಯಕ್ಕೆ ಎಷ್ಟು ಜನರ ಪಾಲು ಅಂತ ಲೆಕ್ಕ ಹಾಕಿದ್ದು ೨೦೧೧ರ ಜನಗಣತಿಯ ಮೇಲೆ. ಅನುದಾನ, ಮೀಸಲು ಸ್ಥಾನ, ಕ್ಷೇತ್ರ ವಿಂಗಡಣೆ ಎಲ್ಲದಕ್ಕೂ ಬುನಾದಿ ಅದೇ ಅಂಕಿ. ಓದು ಬರಹ ಇಲ್ಲದ ಮುದುಕಿ ಓದಿದ ನಮಗಿಂತ ಸರಿಯಾಗಿ ಹೆದರಿದ್ದಳು.

೨೦೨೧ರ ಗಣತಿ ಕೋವಿಡ್ಡಿನಿಂದಾಗಿ ನಡೆಯಲೇ ಇಲ್ಲ. ಮುಂದಿನದಕ್ಕೆ ೨೦೨೫ರ ಜೂನ್‌ನಲ್ಲಿ ಅಧಿಸೂಚನೆ ಬಂತು. ಲೆಕ್ಕದ ದಿನ ೨೦೨೭ರ ಮಾರ್ಚ್ ೧. ಅಂದರೆ ಮನುಷ್ಯರ ಎಣಿಕೆ ಮತ್ತೆ ಫೆಬ್ರವರಿಯಲ್ಲಿ. ಈ ಸಲ ಮೊಬೈಲಿನಲ್ಲಿ, ಜಾತಿಯನ್ನೂ ಬರೆದುಕೊಳ್ಳುತ್ತಾರೆ. ನಮ್ಮವರು ಆಗ ಎಲ್ಲಿರ್ತಾರೆ ಅಂತ ನಾನು ಹೇಳಬೇಕಿಲ್ಲ.

ಅದಕ್ಕೇ ಬೆಂಗಳೂರಿನಲ್ಲಿರೋ ಬ್ಲಾಗಿಗ ಮಿತ್ರರಿಗೆ ಒಂದು ಕೋರಿಕೆ. ನಿಮ್ಮ ಅಪಾರ್ಟ್‌ಮೆಂಟಿನ ಪಕ್ಕ ಕಟ್ಟಡ ಏಳ್ತಾ ಇರುತ್ತೆ. ಅದರ ಹಿಂದೆ ತಗಡಿನ ಶೆಡ್ಡುಗಳಿರ್ತವೆ. ಸಂಜೆ ಆ ಕಡೆ ಹೋದರೆ ರೊಟ್ಟಿ ಬಡಿಯೋ ಸದ್ದು ಕೇಳುತ್ತೆ. ಗಣತಿಯವರು ನಿಮ್ಮ ಮನೆಗೆ ಬಂದಾಗ, ಕಾಫಿ ಕೊಟ್ಟ ಮೇಲೆ, "ಆ ಶೆಡ್ಡಿನವರನ್ನು ಬರೆದುಕೊಂಡಿರಾ ಸರ್?" ಅಂತ ಒಂದು ಮಾತು ಕೇಳಿ. ಆದರೆ ಅಲ್ಲಿಯ ತನಕ ಜೊತೆಗೆ ಹೋಗಿ. ಆ ಶೆಡ್ಡಿನವರನ್ನೂ ಕೇಳಿ, ಯಾವೂರಿಂದ ಬಂದಿರಿ ಅಂತ. ಹತ್ತರಲ್ಲಿ ಒಬ್ಬರಾದರೂ ದೇವದುರ್ಗ ಅಂತಲೋ, ಮಾನ್ವಿ ಅಂತಲೋ ಅನ್ನದಿದ್ದರೆ ನನ್ನನ್ನು ಕೇಳಿ.

ಅಕ್ಕನ ಮಗನಿಗೆ ಕೊನೆಗೂ 'ಎಷ್ಟು' ಅಂತ ಬರೆದು ಕಳಿಸಿದೆ: "೨೯ ಸಾವಿರ. ಯುಗಾದಿಗೆ ಬಂದರೆ ಇನ್ನೂ ಹೆಚ್ಚು."

ನಿಮ್ಮೂರಿನ ಲೆಕ್ಕ ಏನು? ನಿಮ್ಮ ಮನೆಯಲ್ಲೂ ಗಣತಿ ಡ್ಯೂಟಿ ಮಾಡಿದ ಮಾಸ್ತರು, ಅಕ್ಕೋರು ಇದ್ದರೆ ಅವರು ಏನು ಕಂಡರು ಅಂತ ಕೇಳಿ ಬರೀರಿ. ಹೀಗೆ ಬೇರೆ ಹಾಳೆಯಲ್ಲಿ ಬರೆದಿಟ್ಟ ಹೆಸರುಗಳು ಇನ್ನೂ ಯಾರ್ಯಾರ ಟ್ರಂಕಿನಲ್ಲಿವೆಯೋ...